ಎರೆ ನೆಲದ ಮನೆ ಬಿರುಕು ಬಿಟ್ಟಾಗ

ಯುಗಾದಿ ಮುಗಿದು ಹದಿನೈದು ದಿನವಾಯಿತೆಂದರೆ ನನಗೆ ಫೋನು ಬರಲು ಶುರು. ಹೋದ ವರ್ಷದ ಮೊದಲ ಫೋನು ವಿಜಯಪುರದ ಸಿಂದಗಿ ರಸ್ತೆಯ ಆಚೆಗಿನ ಹೊಸ ಬಡಾವಣೆಯಿಂದ, ಒಬ್ಬ ಅಜ್ಜಿಯದು. "ತಂಗಿ, ಮುಂಬಾಗಲಾ ಮುಚ್ಚವಲ್ದು. ಪಡಸಾಲಿ ಗ್ವಾಡಿ ಸೀಳೇತಿ. ಮೂರು ಸಲ ಸಿಮೆಂಟ್ ಹಚ್ಚಿಸೀನಿ, ಮತ್ತ ಬಾಯಿ ಬಿಡ್ತೈತಿ." ಬಾಗಿಲು ವರ್ಷಪೂರ್ತಿ ಹೀಗೇ ಇರುತ್ತದೆಯೇ ಎಂದು ಕೇಳಿದೆ. "ಇಲ್ಲ ಯವ್ವಾ, ಗಣಪತಿ ಹಬ್ಬದಾಗ ತಾನ ಸರಿ ಆಗ್ತೈತಿ."

ಅರ್ಧ ಕಾಯಿಲೆ ಆ ಮಾತಿನಲ್ಲೇ ಗೊತ್ತಾಯಿತು. ಬೇಸಿಗೆಯಲ್ಲಿ ಹಿಡಿಯುವ ಬಾಗಿಲು ಮಳೆಗಾಲದಲ್ಲಿ ಬಿಡುತ್ತದೆ ಎಂದರೆ ತಪ್ಪು ಬಾಗಿಲಿನದಲ್ಲ, ಗೋಡೆಯದೂ ಅಲ್ಲ. ಕೆಳಗಿನ ನೆಲ ಋತುವಿಗೆ ತಕ್ಕಂತೆ ಏರಿಳಿಯುತ್ತಿದೆ.

"ಡೋಣಿ ಹರಿದರ ಓಣೆಲ್ಲಾ ಕಾಳು" ಎನ್ನುವ ಡೋಣಿ ಹೊಳೆಯ ಸೀಮೆ ನಮ್ಮದು. ಬಿಳಿಜೋಳ ಕೊಡುವ ಈ ಕರಿ ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಕಪ್ಪುಗಲ್ಲು ಸಾವಿರಾರು ವರ್ಷ ಕರಗಿ ಆದ ಈ ಮಣ್ಣಿನಲ್ಲಿ ಮಾಂಟ್‌ಮೊರಿಲ್ಲೊನೈಟ್ ಎಂಬ ಜಿಗಟು ಖನಿಜವಿದೆ. ಅದರ ಪದರಗಳ ನಡುವೆ ನೀರು ಹೊಕ್ಕು ಅವನ್ನು ದೂರ ತಳ್ಳುತ್ತದೆ. ಏಪ್ರಿಲ್‌ನಲ್ಲಿ ಎರೆ ಹೊಲದ ಬಿರುಕಿನೊಳಗೆ ಕೈ ಇಳಿಸಿ ನೋಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮನೆಯ ನಡುಭಾಗದ ಕೆಳಗಿನ ಮಣ್ಣಿಗೆ ಬಿಸಿಲು ತಾಗುವುದಿಲ್ಲ, ಅದರ ತೇವ ಉಳಿಯುತ್ತದೆ. ಅಂಚಿನ ಮಣ್ಣು, ಅದರಲ್ಲೂ ಮೂಲೆಯದು, ಒಣಗಿ ಕುಗ್ಗುತ್ತದೆ. ಮೂಲೆ ಇಳಿಯುತ್ತದೆ, ನಡು ನಿಲ್ಲುತ್ತದೆ, ಗೋಡೆ ಸೀಳುತ್ತದೆ. ನಮ್ಮ ಕಡೆಯ ಸಣ್ಣ ಮನೆಗಳನ್ನು ಮೇಲಿನ ಭಾರ ಒಡೆಯುವುದು ಕಡಿಮೆ. ಒಂದು ಮೂಲೆ ಒದ್ದೆಯಾಗಿ ಇನ್ನೊಂದು ಮೂಲೆ ಒಣಗಿರುವುದೇ ಒಡೆಯುತ್ತದೆ. ಇಪ್ಪತ್ತನಾಲ್ಕು ವರ್ಷದಿಂದ ಮನೆ ನೋಡುತ್ತಿದ್ದೇನೆ, ಜನರಿಗೆ ನಾನು ಮತ್ತೆ ಮತ್ತೆ ಹೇಳುವುದು ಇದನ್ನೇ.

ಮೊದಲು ಪೆನ್ಸಿಲ್, ಆಮೇಲೆ ಗೌಂಡಿ

ಬಿರುಕು ಕಂಡ ದಿನವೇ ಗೌಂಡಿಯನ್ನು ಕರೆದು ತುಂಬಿಸಬೇಡಿ. ಬಿರುಕಿನ ಎರಡೂ ತುದಿಗಳಲ್ಲಿ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ಗೆರೆ ದಾಟಿ ಬಿರುಕು ಬೆಳೆದರೆ ಅಲ್ಲಿ ಇನ್ನೊಂದು ಗೆರೆ, ಇನ್ನೊಂದು ತಾರೀಖು. ಅತಿ ಅಗಲವಾದ ಜಾಗದಲ್ಲಿ ಬಿರುಕಿನ ಒಂದು ಬದಿಗೆ ಎರಡು ಮೊಳೆ, ಇನ್ನೊಂದು ಬದಿಗೆ ಒಂದು ಮೊಳೆ, ತ್ರಿಕೋನವಾಗುವಂತೆ ಹೊಡೆಯಿರಿ. ಒಂಟಿ ಮೊಳೆಯಿಂದ ಆ ಎರಡಕ್ಕೂ ಇರುವ ಅಂತರವನ್ನು ಪ್ರತಿ ತಿಂಗಳ ಒಂದನೇ ತಾರೀಖಿಗೆ ಅಳೆದು ಕ್ಯಾಲೆಂಡರ್ ಮೇಲೇ ಬರೆದಿಡಿ. ಎರಡು ಅಳತೆ ಬೇಕು, ಯಾಕೆಂದರೆ ಬಿರುಕು ಬರೀ ಅಗಲವಾಗುವುದಿಲ್ಲ, ಗೋಡೆಯ ಒಂದು ಭಾಗ ಕೆಳಕ್ಕೆ ಜಾರಿರಲೂಬಹುದು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಅಗ್ಗದ ವರ್ನಿಯರ್ ಕ್ಯಾಲಿಪರ್ ಇದಕ್ಕೆ ಸಾಕು. ಕೆಲವರು ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸುತ್ತಾರೆ. ಗಾಜು ಒಡೆದರೆ ಗೋಡೆ ಸರಿದಿದೆ ಎಂದು ಗೊತ್ತಾಗುತ್ತದೆ, ಎಷ್ಟು ಸರಿಯಿತು, ಮರಳಿ ಬಂತೋ ಎನ್ನುವುದು ಗೊತ್ತಾಗುವುದಿಲ್ಲ. ನನಗೆ ಮೊಳೆಯೇ ಮೇಲು.

ಅಳೆಯುವ ಸಾಧನ ಏನೂ ಇಲ್ಲವೇ? ಎಟಿಎಂ ಕಾರ್ಡು ಸುಮಾರು ಮುಕ್ಕಾಲು ಮಿಲಿಮೀಟರ್ ದಪ್ಪ. ಕಾರ್ಡು ಹೋಗದ ಬಿರುಕಿಗೆ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ, ಅದು ಬಣ್ಣ ಹೊಡೆಯುವವರ ಕೆಲಸ. 5 ಮಿ.ಮೀ. ವರೆಗಿನದು ಕಾರಣ ಹುಡುಕಬೇಕಾದ ಬಿರುಕು. 5 ರಿಂದ 15 ಮಿ.ಮೀ. ಆದಾಗ ಬಾಗಿಲು ಕಿಟಕಿ ಹಿಡಿಯುತ್ತವೆ, ನೀರಿನ ಪೈಪು ಬಿಚ್ಚಿಕೊಳ್ಳುತ್ತದೆ. ಅದಕ್ಕೂ ಮೇಲಾದರೆ ಅಳೆಯುತ್ತ ಕೂರಬಾರದು, ಅದೇ ವಾರ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಬೇಕು.

ಕಾಯುವುದು ಯಾಕೆ ಎಂದರೆ, ನಾನು ಕಾಯದೆ ಕೆಡಿಸಿದ ಮನೆಯೊಂದಿದೆ. ಕೆಲಸ ಹಿಡಿದ ಎರಡನೇ ವರ್ಷ, ಇಂಡಿ ಹತ್ತಿರದ ಹಳ್ಳಿಯಲ್ಲಿ ಒಬ್ಬ ಶಾಲೆ ಮಾಸ್ತರರ ಮನೆ. ಮೇ ತಿಂಗಳು, ಬಿರುಕು ಬೆರಳಗಲ ತೆರೆದಿತ್ತು. ಒಂದಕ್ಕೆ ಮೂರರ ಗಟ್ಟಿ ಸಿಮೆಂಟ್ ಗಾರೆ ಒಳತನಕ ತುಂಬಿಸಿದೆ. ಮಳೆ ಬಿದ್ದು ನೆಲ ಉಬ್ಬಿತು, ಗೋಡೆ ತನ್ನ ಜಾಗಕ್ಕೆ ಮರಳಲು ಹೊರಟಿತು. ನಾನು ತುಂಬಿಸಿದ ಗಾರೆ ಬೆಣೆಯಂತೆ ಅಡ್ಡ ಕೂತಿತ್ತು. ಸೆಪ್ಟೆಂಬರ್‌ನಲ್ಲಿ ಎರಡು ಮಾರು ಆಚೆ ಹೊಸ ಬಿರುಕು. ಮಾಸ್ತರರು ಒಂದು ಮಾತೂ ಆಡಲಿಲ್ಲ, ಚಹಾ ಕೊಟ್ಟು ಕಳಿಸಿದರು. ಆ ಮನೆಯ ಖರ್ಚನ್ನು ನಾನೇ ಹಾಕಿ ಸರಿ ಮಾಡಿಸಿದೆ. ಇವತ್ತಿಗೂ ಬೇಸಿಗೆಯಲ್ಲಿ ಬಿರುಕು ತುಂಬಲು ಯಾರಾದರೂ ಕರೆದರೆ ಆ ಪಡಸಾಲೆ ಕಣ್ಣ ಮುಂದೆ ಬರುತ್ತದೆ.

ಬಿರುಕಿನ ಬರಹ ಓದುವುದು

ಬಲೆಯ ಹಾಗೆ ಎಲ್ಲ ಕಡೆ ಹಬ್ಬಿದ ಕೂದಲೆಳೆ ಬಿರುಕು ಗಿಲಾವಿನದು. ಗಾರೆಗೆ ಸಿಮೆಂಟ್ ಹೆಚ್ಚಾಗಿದೆ, ಇಲ್ಲವೇ ನೀರು ಹೊಡೆದದ್ದು ಕಡಿಮೆಯಾಗಿದೆ. ಕಾಲಮ್ಮಿಗೂ ಇಟ್ಟಿಗೆ ಗೋಡೆಗೂ ಸೇರುವಲ್ಲಿ ಗೆರೆ ಎಳೆದಂತೆ ನೆಟ್ಟಗೆ ಬಂದದ್ದಾದರೆ ಎರಡು ಬೇರೆ ವಸ್ತುಗಳು ಬಿಸಿಲಿಗೆ ಬೇರೆ ಬೇರೆ ಹಿಗ್ಗಿದ್ದರಿಂದ ಆದದ್ದು. ಗಿಲಾವು ಕೆರೆದು ಒಂದಡಿ ಅಗಲದ ಕೋಳಿ ಜಾಲಿ (ತಂತಿಬಲೆ) ಹೊಡೆದು ಮತ್ತೆ ಗಿಲಾವು ಮಾಡಿದರೆ ಸಾಕು. ಮೇಲಂತಸ್ತಿನಲ್ಲಿ ಸ್ಲ್ಯಾಬಿನ ಕೆಳಗೇ ಅಡ್ಡವಾಗಿ ಓಡಿದ್ದರೆ ಅದು ನಲವತ್ತು ಡಿಗ್ರಿಯ ಬಿಸಿಲಿಗೆ ಹಿಗ್ಗಿದ ಸ್ಲ್ಯಾಬ್ ಗೋಡೆಯನ್ನು ಎಳೆದದ್ದು. ಮಾಳಿಗೆಗೆ ಬಿಳಿ ಬಣ್ಣವನ್ನೋ ಸುಣ್ಣವನ್ನೋ ಹೊಡೆಸಿ, ಕಾವು ಇಳಿಯುತ್ತದೆ.

ನೆಲದಿಂದ ಬಂದ ಬಿರುಕು ಓರೆಯಾಗಿರುತ್ತದೆ, ಹೆಚ್ಚಾಗಿ ಕಿಟಕಿ ಬಾಗಿಲುಗಳ ಮೂಲೆಯಿಂದ ಹೊರಡುತ್ತದೆ, ಮೆಟ್ಟಿಲು ಮೆಟ್ಟಿಲಾಗಿ ಇಟ್ಟಿಗೆಯ ಸಂದಿ ಹಿಡಿದು ಹೋಗುತ್ತದೆ. ಮೇಲೆ ಅಗಲ, ಕೆಳಗೆ ಸಣ್ಣ ಎಂದರೆ ಮನೆಯ ತುದಿ ಇಳಿದಿದೆ ಅಥವಾ ನಡು ಉಬ್ಬಿದೆ. ಕೆಳಗೆ ಅಗಲ, ಮೇಲೆ ಸಣ್ಣ ಎಂದರೆ ನಡು ಇಳಿದಿದೆ. ಎಲ್ಲಿ ಇಳಿದಿದೆ ಎಂದು ಹುಡುಕಲು ನಮ್ಮಪ್ಪ ಕೋಲು ಹಿಡಿಯುತ್ತಿದ್ದ. ಅವನು ಗೌಂಡಿ, ಓದಿದವನಲ್ಲ. ಓರೆ ಬಿರುಕಿನ ಮೇಲೆ ಕೋಲನ್ನು ಅದಕ್ಕೆ ಕಾಟಕೋನವಾಗಿ (ಲಂಬವಾಗಿ) ಹಿಡಿದು ಕೆಳಮುಖ ಮಾಡುವುದು. ಕೋಲಿನ ತುದಿ ಬೆರಳು ತೋರಿದ ಕಡೆ ನೆಲ ಕುಸಿದಿರುತ್ತದೆ. ಪಾಲಿಟೆಕ್ನಿಕ್‌ನಲ್ಲಿ ಲೆಕ್ಕ ಬಿಡಿಸಿ ಕಲಿತಾಗ ಉತ್ತರ ಅದೇ ಬಂತು. ಗೋಡೆ ಅಡ್ಡ ಜಗ್ಗಿದಾಗ ಹಿಗ್ಗಿದ ಕರ್ಣಕ್ಕೆ ಅಡ್ಡವಾಗಿಯೇ ಅದು ಸೀಳುವುದು.

ಅಜ್ಜಿಯ ಪಡಸಾಲೆಯಲ್ಲಿ ಕೋಲು ತೋರಿಸಿದ್ದು ಪಡುವಣ ಮೂಲೆ. ಹೊರಗೆ ಹೋದರೆ ಅಲ್ಲಿ ಗೋಡೆಗೆ ಆರಡಿ ದೂರದಲ್ಲಿ ಹನ್ನೆರಡು ವರ್ಷದ ಬೇವಿನ ಮರ. ಮೂಡಣ ಮೂಲೆಯಲ್ಲಿ ಬಚ್ಚಲ ನೀರು ಹಿತ್ತಲಿನ ಬಾಳೆಗೆ ಹರಿಯುತ್ತಿತ್ತು. ಒಂದು ಮೂಲೆಯ ನೀರನ್ನು ಮರ ಹೀರುತ್ತಿದೆ, ಇನ್ನೊಂದು ಮೂಲೆಗೆ ಮನೆಯೇ ನೀರು ಉಣಿಸುತ್ತಿದೆ.

ನೀರನ್ನು ಸಮ ಮಾಡುವುದು

ಮೊದಲು ಸೋರಿಕೆ. ರಾತ್ರಿ ಮಲಗುವಾಗ ಎಲ್ಲ ನಲ್ಲಿ ಮುಚ್ಚಿ, ಮಾಳಿಗೆ ಟಾಕಿಯ ನೀರಿನ ಮಟ್ಟಕ್ಕೂ ನೆಲದ ಸಂಪಿನ ಮಟ್ಟಕ್ಕೂ ಗುರುತು ಮಾಡಿ. ಬೆಳಿಗ್ಗೆ ಯಾರೂ ನೀರು ಮುಟ್ಟುವ ಮೊದಲು ನೋಡಿ. ಟಾಕಿಯ ಮಟ್ಟ ಇಳಿದಿದ್ದರೆ ಪೈಪು ಎಲ್ಲೋ ಸೋರುತ್ತಿದೆ, ಸಂಪಿನದು ಇಳಿದಿದ್ದರೆ ಸಂಪೇ ಸೋರುತ್ತಿದೆ. ಆಮೇಲೆ ಬಚ್ಚಲು, ಅಡುಗೆಮನೆ ನೀರನ್ನು ಪೈಪಿನಲ್ಲಿ ಗಟಾರಕ್ಕೆ ಮುಟ್ಟಿಸಿ. ಮಾಳಿಗೆಯ ಮಳೆನೀರು ಗೋಡೆಯ ಬುಡದಲ್ಲಿ ಬೀಳದಂತೆ ಕೊಳವೆಯನ್ನು ಮುಂದಕ್ಕೆ ಒಯ್ಯಿರಿ.

ಮರದ ವಿಷಯದಲ್ಲಿ ಅವಸರ ಬೇಡ. ದೊಡ್ಡ ಮರವನ್ನು ಒಮ್ಮೆಗೇ ಬುಡಸಮೇತ ತೆಗೆದರೆ, ಅದು ವರ್ಷಗಟ್ಟಲೆ ಹೀರಿ ಒಣಗಿಸಿದ ಮಣ್ಣು ಮರಳಿ ನೀರು ಕುಡಿದು ಉಬ್ಬುತ್ತದೆ, ಆಗ ಬಿರುಕು ಉಲ್ಟಾ ದಿಕ್ಕಿಗೆ ಬರುತ್ತದೆ. ಪ್ರತಿ ವರ್ಷ ಕೊಂಬೆ ಸವರಿ ಮರದ ದಾಹ ಕಡಿಮೆ ಮಾಡಿ. ಹೊಸದಾಗಿ ನೆಡುವವರು ಮರ ಎಷ್ಟೆತ್ತರ ಬೆಳೆಯುತ್ತದೋ ಗೋಡೆಯಿಂದ ಅಷ್ಟು ದೂರದಲ್ಲಿ ನೆಡಿ. ಜಾಗವಿಲ್ಲದಿದ್ದರೆ ಮಲ್ಲಿಗೆ, ಕರಿಬೇವು ಹಾಕಿ. ಬೇಸಿಗೆಯಲ್ಲಿ ಬಿರುಕು ಮುಚ್ಚಲೆಂದು ಮೂಲೆಗೆ ಕೊಡಗಟ್ಟಲೆ ನೀರು ಸುರಿಯುವವರನ್ನೂ ಕಂಡಿದ್ದೇನೆ. ದಯವಿಟ್ಟು ಬೇಡ. ನೀರು ಎಲ್ಲಿಗೆ ಎಷ್ಟು ಹೋಗುತ್ತದೆಂದು ನಮ್ಮ ಕೈಯಲ್ಲಿಲ್ಲ, ಒಂದು ತುದಿ ಮೇಲೆದ್ದು ಇನ್ನೊಂದು ಕಡೆ ಹೊಸದು ಬಿಡುತ್ತದೆ.

ಎಲ್ಲಕ್ಕಿಂತ ಹೆಚ್ಚು ಗುಣ ಕೊಟ್ಟದ್ದು ಮನೆ ಸುತ್ತಲಿನ ಹಾಸು. ಮಾಡುವ ಬಗೆ ಹೀಗೆ: ಗೋಡೆಯಿಂದ ಐದಡಿ ಅಗಲಕ್ಕೆ, ಒಂದಡಿ ಆಳಕ್ಕೆ ಎರೆ ತೆಗೆದು ಹಾಕಿ. ಗರಸನ್ನು (ಮೊರಂ, ಉಬ್ಬದ ಜಲ್ಲಿಮಣ್ಣು) ಅರ್ಧರ್ಧ ಅಡಿಯ ಎರಡು ಪದರದಲ್ಲಿ, ಸ್ವಲ್ಪ ತೇವ ಮಾಡಿ ದಮ್ಮಸ್ಸು ಬಡಿಯಿರಿ. ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ನಾಲ್ಕು ಇಂಚು ಕಾಂಕ್ರೀಟ್. ಮೂರಡಿಗೆ ಒಂದಿಂಚು ಹೊರಕ್ಕೆ ಇಳಿಜಾರು. ಗೋಡೆಗೂ ಹಾಸಿಗೂ ಗಂಟು ಹಾಕಬೇಡಿ. ಅರ್ಧ ಇಂಚು ಸಂದು ಬಿಟ್ಟು ಡಾಂಬರು ತುಂಬಿ, ಹಾಸು ಏರಿಳಿದಾಗ ಗೋಡೆಯನ್ನು ಎಳೆಯಬಾರದು. ಇದು ಮಣ್ಣಿನ ಗುಣವನ್ನು ಬದಲಿಸುವುದಿಲ್ಲ. ಬಿಸಿಲು ಮತ್ತು ಮಳೆ ಎರಡನ್ನೂ ಗೋಡೆಯ ಬುಡದಿಂದ ಐದಡಿ ಆಚೆ ನಿಲ್ಲಿಸುತ್ತದೆ, ಅಷ್ಟೇ ಬೇಕಾದ್ದು. ಮಾರ್ಚ್ ಬಿರುಬಿಸಿಲಿಗಿಂತ, ಮಳೆ ನಿಂತು ನೆಲ ಹದವಾಗಿರುವ ನವೆಂಬರ್, ಡಿಸೆಂಬರ್ ಇದಕ್ಕೆ ಒಳ್ಳೆಯ ಕಾಲ.

ಇನ್ನೂ ಕಟ್ಟದವರಿಗೆ

ಬುನಾದಿ ತೋಡುವಾಗ ಗುದ್ದಲಿಯ ಸಪ್ಪಳ ಬದಲಾದರೆ ನಮ್ಮಪ್ಪ "ಗರಸು ಬಂತು" ಎನ್ನುತ್ತಿದ್ದ. ಆರೇಳು ಅಡಿಯೊಳಗೆ ಗಟ್ಟಿ ಗರಸೋ ಕಲ್ಲೋ ಸಿಕ್ಕರೆ ಎರೆ ಪೂರ್ತಿ ದಾಟಿ ಅದರ ಮೇಲೇ ಬುನಾದಿ ಕೂರಿಸಿ. ವಿಜಯಪುರದ ಗೋಳಗುಮ್ಮಟ ಮೂರು ಮೀಟರ್ ದಪ್ಪದ ಗೋಡೆ, 44 ಮೀಟರ್ ಅಗಲದ ಗುಮ್ಮಟ ಹೊತ್ತು ಮುನ್ನೂರೈವತ್ತು ವರ್ಷ ಜಗ್ಗದೆ ನಿಂತಿರುವುದಕ್ಕೆ ಅದರ ಬುಡ ಬಂಡೆಯ ಮೇಲಿರುವುದೂ ಒಂದು ಕಾರಣ. ಅದೇ ಊರಿನ ಹೊರವಲಯದಲ್ಲಿ ಹತ್ತಡಿ ತೋಡಿದರೂ ಎರೆಯೇ ಬರುವ ಪ್ಲಾಟುಗಳಿವೆ. ಅಂಥಲ್ಲಿ ಮೂರೂವರೆ ಮೀಟರಿಗೆ ಕಡಿಮೆಯಿಲ್ಲದ, ತಳದಲ್ಲಿ ಗಡ್ಡೆಯಂತೆ ಅಗಲವಾಗುವ ಅಂಡರ್‌ರೀಮ್ಡ್ ಪೈಲುಗಳನ್ನು, ಅಂದರೆ ನೆಲದೊಳಗೆ ಇಳಿಸುವ ಕಾಂಕ್ರೀಟ್ ಕಂಬಗಳನ್ನು, ಹಾಕಬೇಕು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಎರೆ ನೆಲಕ್ಕೆಂದೇ ಬೆಳೆಸಿದ ಪದ್ಧತಿ ಇದು. ಋತುವಿಗೆ ತಕ್ಕಂತೆ ಆಡುವ ಮಣ್ಣು ಹೆಚ್ಚುಕಡಿಮೆ ಆ ಆಳದಲ್ಲಿ ಮುಗಿಯುತ್ತದೆ. ತಳದ ಗಡ್ಡೆ ಕೆಳಗಿನ ನಿಶ್ಚಲ ಮಣ್ಣನ್ನು ಹಿಡಿದುಕೊಂಡು, ಮೇಲಿನ ಎರೆ ಉಬ್ಬಿ ಕಿತ್ತುಹಾಕದಂತೆ ತಡೆಯುತ್ತದೆ. ಪೈಲಿನ ಮೇಲೆ ಗೋಡೆ ಹೊರುವ ಪ್ಲಿಂತ್ ಬೀಮು ನೆಲಕ್ಕೆ ತಾಗಬಾರದು, ಮೂರಿಂಚು ಖಾಲಿ ಇರಲಿ.

ದುಡ್ಡು ಉಳಿಸಲು ತೋಡಿದ ಎರೆಯನ್ನೇ ಪ್ಲಿಂತಿನೊಳಗೆ ತುಂಬುತ್ತಾರೆ. ನೆಲದ ಫರಸಿ ಏಳುವುದು, ಒಳಗೋಡೆ ಸೀಳುವುದು ಇದರಿಂದಲೇ. ಗರಸನ್ನೇ ತುಂಬಿ. ಉಬ್ಬುವ ಮಣ್ಣಿನ ಮೇಲೆ ಉಬ್ಬದ, ಆದರೆ ಅಂಟುಗುಣವುಳ್ಳ ಮಣ್ಣನ್ನು ಒಂದು ಮೀಟರಿನಷ್ಟು ದಮ್ಮಸ್ಸು ಮಾಡಿದರೆ ಉಬ್ಬು ಅಡಗುತ್ತದೆ ಎಂದು ಮುಂಬಯಿ ಐಐಟಿಯ ಪ್ರೊ. ಆರ್. ಕೆ. ಕಟ್ಟಿ ತೋರಿಸಿಕೊಟ್ಟರು. ಎರೆ ಸೀಮೆಯ ಕಾಲುವೆಗಳಿಗೆ ಆ ವಿಧಾನ ಬಳಕೆಗೆ ಬಂತು.

ನಿಮ್ಮ ಮಣ್ಣು ಎಷ್ಟು ಉಬ್ಬುತ್ತದೆಂದು ಅಂದಾಜಿಸಲು ಪ್ರಯೋಗಾಲಯದ ಪರೀಕ್ಷೆಯನ್ನೇ ಮನೆಯಲ್ಲಿ ಮಾಡಬಹುದು. ಮಣ್ಣು ಒಣಗಿಸಿ ಕುಟ್ಟಿ ನುಣ್ಣಗೆ ಸೋಸಿ. ಎರಡು ಉದ್ದ ಅಳತೆ ಗ್ಲಾಸಿಗೆ ಹತ್ತತ್ತು ಗ್ರಾಂ ಹಾಕಿ. ಒಂದಕ್ಕೆ ಶುದ್ಧ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಗಾಳಿ ಹೋಗುವಂತೆ ಕಡ್ಡಿಯಿಂದ ಕಲಕಿ ಒಂದು ದಿನ ಬಿಡಿ. ಸೀಮೆಎಣ್ಣೆಯಲ್ಲಿ ಎರೆ ಉಬ್ಬುವುದಿಲ್ಲ. ಅದರಲ್ಲಿ 10 ಮಿ.ಲೀ. ಮಟ್ಟಕ್ಕೆ ನಿಂತ ಮಣ್ಣು ನೀರಿನಲ್ಲಿ 15 ದಾಟಿದ್ದರೆ, ಅಂದರೆ ಅರ್ಧದಷ್ಟು ಉಬ್ಬಿದ್ದರೆ, ಸಾದಾ ಬುನಾದಿಯ ಯೋಚನೆ ಬಿಟ್ಟು ಎಂಜಿನಿಯರ್ ಬಳಿ ಹೋಗಿ.

ಇನ್ನೊಂದು ನೀರಿನ ಮಾತು. ಡೋಣಿ ದಂಡೆಯ ಎಷ್ಟೋ ಬೋರುಗಳ ನೀರು ಸವಳು. ಬಾಯಿಗೆ ಉಪ್ಪೆನಿಸುವ ನೀರನ್ನು ಕಾಂಕ್ರೀಟಿಗೆ ಕಲಸಬೇಡಿ. ಕಬ್ಬಿಣವಿರುವ ಕಾಂಕ್ರೀಟಿನ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ದಾಟಬಾರದು ಎಂದು ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ದಾಟಿದರೆ ಒಳಗಿನ ಸರಳು ತುಕ್ಕು ಹಿಡಿದು ಎರಡು ಪಟ್ಟಿಗಿಂತ ಹೆಚ್ಚು ಊದಿಕೊಂಡು, ಹತ್ತು ವರ್ಷದಲ್ಲಿ ಕಾಲಮ್ಮಿನ ಮೂಲೆಯುದ್ದಕ್ಕೂ ನೆಟ್ಟಗೆ ಸೀಳು ತರುತ್ತದೆ. ಸರಳಿನ ಹೊರಗೆ ಸ್ಲ್ಯಾಬಿಗೆ 20 ಮಿ.ಮೀ., ಕಾಲಮ್ಮಿಗೆ 40 ಮಿ.ಮೀ. ಕಾಂಕ್ರೀಟ್ ಇರಬೇಕು. ಖಡಿಯ ಚೂರು ಇಟ್ಟು ಸರಳು ಎತ್ತುವ ರೂಢಿ ಬಿಟ್ಟು ಸಿಮೆಂಟಿನ ಕವರ್ ಬ್ಲಾಕು ಹಾಕಿಸಿ.

ತಲೆ ಮೇಲಿನ ಭಾರ

ಹಳ್ಳಿಗಳ ಮಣ್ಣಿನ ಮಾಳಿಗೆ ಮನೆಗಳ ಬಗ್ಗೆ ನನಗೆ ಹೆಚ್ಚು ಭಯ. ಸೋರಿತೆಂದು ಪ್ರತಿ ಮುಂಗಾರಿಗೆ ಮುಂಚೆ ಮತ್ತೊಂದು ಪದರ ಮಣ್ಣು ಹಾಕುತ್ತಾರೆ, ಹಳೆಯದನ್ನು ತೆಗೆಯುವುದಿಲ್ಲ. ಒಂದಡಿ ದಪ್ಪದ ಮಣ್ಣು ಚದರ ಮೀಟರಿಗೆ ಐನೂರು ಕೆ.ಜಿ.ಗೂ ಮೇಲೆ ತೂಗುತ್ತದೆ, ಐದಿಂಚಿನ ಆರ್‌ಸಿಸಿ ಸ್ಲ್ಯಾಬ್ ಮುನ್ನೂರು ಚಿಲ್ಲರೆ. ಎರಡಡಿ ಮಣ್ಣು ಹೊತ್ತ ಜಂತಿಗಳನ್ನು ನೋಡಿದ್ದೇನೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ನೆರೆಯ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಇಂಥ ಮನೆಗಳೇ ಮಲಗಿದವರ ಮೇಲೆ ಬಿದ್ದವು. ಮೇಲೆ ಮಣ್ಣಿನ ಭಾರ, ಕೆಳಗೆ ಎರಡು ಮೈಯ ಕಲ್ಲುಗೋಡೆ. ನಡುವೆ ಚೂರುಕಲ್ಲು ತುಂಬಿದ್ದ ಆ ಗೋಡೆಗಳಲ್ಲಿ ಎರಡೂ ಮೈ ಹಾದು ಬರುವ ಉದ್ದಗಲ್ಲುಗಳಿರಲಿಲ್ಲ, ಎರಡು ಸಿಪ್ಪೆಯಾಗಿ ಬಿಚ್ಚಿಕೊಂಡವು. ಅಂಥ ಮನೆಯಲ್ಲಿದ್ದರೆ ಹೊಸ ಮಣ್ಣು ಹಾಕುವ ಮೊದಲು ಹಳೆಯದನ್ನು ಕೆರೆದು ಇಳಿಸಿ. ನಡುವೆ ಒಂದು ಪ್ಲಾಸ್ಟಿಕ್ ಹಾಳೆ ಹಾಸಿದರೆ ಅರ್ಧ ಅಡಿ ಮಣ್ಣು ಸಾಕು. ಗೋಡೆಯ ಹೊಟ್ಟೆ ಹೊರಬಂದಿದೆಯೋ ಎಂದು ತೂಗುಗುಂಡು ಬಿಟ್ಟು ನೋಡಿ. ಜಂತಿಯ ತುದಿ ಗೋಡೆಯೊಳಗೆ ಹೋಗುವಲ್ಲಿ ಸೂಜಿ ಚುಚ್ಚಿ, ಸಲೀಸಾಗಿ ಇಳಿದರೆ ಗೆದ್ದಲೋ ಕೊಳೆಯೋ ಹಿಡಿದಿದೆ.

ಆರ್‌ಸಿಸಿ ಮನೆಯವರೂ ತೂಕದ ಲೆಕ್ಕ ತಪ್ಪುತ್ತಾರೆ. ಸಾವಿರ ಲೀಟರಿನ ಟಾಕಿ ಎಂದರೆ ಒಂದು ಟನ್, ಹೆಚ್ಚುಕಡಿಮೆ ಒಂದು ಚದರ ಮೀಟರ್ ಜಾಗದ ಮೇಲೆ. ಓಡಾಡುವ ಮಾಳಿಗೆಗೆ ಲೆಕ್ಕ ಹಿಡಿಯುವುದು ಚದರ ಮೀಟರಿಗೆ ನೂರೈವತ್ತು ಕೆ.ಜಿ. ಮಾತ್ರ. ಟಾಕಿಯನ್ನು ಸ್ಲ್ಯಾಬಿನ ನಡುವೆ ಇಡದೆ ಕಾಲಮ್ಮಿನ ನೆತ್ತಿಯ ಮೇಲೆ, ಎರಡು ಬೀಮು ಸೇರುವಲ್ಲಿ ಇಡಿ. ಕಾಲಮ್ಮಿಲ್ಲದ ಮನೆಯಲ್ಲಿ ಹಾಲ್ ದೊಡ್ಡದು ಮಾಡಲು ಗೋಡೆ ಒಡೆಸುವವರು, ಒಂಬತ್ತಿಂಚಿನ ಆ ಗೋಡೆ ತಲೆ ಮೇಲೆ ಏನು ಹೊತ್ತಿದೆ ಎಂದು ಮೇಲೆ ಹೋಗಿ ನೋಡಿ ಬನ್ನಿ.

ಸಜ್ಜಾ, ಬಾಲ್ಕನಿ ಕಾಂಕ್ರೀಟ್ ಹಾಕುವ ದಿನ ಮನೆಯವರು ಅಲ್ಲೇ ನಿಲ್ಲಬೇಕು. ಹೊರಚಾಚಿದ ಸ್ಲ್ಯಾಬಿನ ಮುಖ್ಯ ಸರಳು ಮೇಲ್ಭಾಗದಲ್ಲಿರಬೇಕು, ಯಾಕೆಂದರೆ ಅಲ್ಲಿ ಎಳೆತ ಮೇಲೆ. ಬುಟ್ಟಿ ಹೊತ್ತವರು ತುಳಿದು ಅದು ಕೆಳಗೆ ಕೂತರೆ, ಸೆಂಟ್ರಿಂಗ್ ತೆಗೆದ ದಿನ ಸಜ್ಜಾ ಗೋಡೆಯ ಬುಡದಲ್ಲಿ ಮುರಿಯುತ್ತದೆ. ಓಡಾಡಲು ಹಲಗೆ ಹಾಕಿಸಿ. ಸ್ಲ್ಯಾಬಿನ ಆಸರೆ ಕಂಬಗಳನ್ನು ಆಧಾರದಿಂದ ಆಧಾರಕ್ಕೆ ನಾಲ್ಕೂವರೆ ಮೀಟರ್ ಒಳಗಿದ್ದರೆ ಏಳು ದಿನ, ಅದಕ್ಕೂ ಮೇಲಾದರೆ ಹದಿನಾಲ್ಕು ದಿನ, ಆರು ಮೀಟರ್ ಮೀರಿದ ಬೀಮಿಗೆ ಇಪ್ಪತ್ತೊಂದು ದಿನ ಮುಟ್ಟಬಾರದು. ಈಗ ಸಿಗುವ ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟ್ ನಿಧಾನಕ್ಕೆ ಬಲಿಯುವುದರಿಂದ ನಾನು ಸಣ್ಣ ಸ್ಲ್ಯಾಬಿಗೂ ಹದಿನಾಲ್ಕನ್ನೇ ಹೇಳುತ್ತೇನೆ. ಅಷ್ಟು ದಿನವೂ ಹೊಲದ ಮಡಿಯಂತೆ ಕಟ್ಟೆ ಕಟ್ಟಿ ನೀರು ನಿಲ್ಲಿಸಿ.

ಕೂಡಲೇ ಹೊರಗೆ ಬರಬೇಕಾದ ಹೊತ್ತು

ಕಾಲಮ್ಮಿಗೆ ಹತ್ತಿರದಲ್ಲಿ ಬೀಮಿನ ಮೇಲೆ ಓರೆ ಬಿರುಕು ಬಂದು ಬೆಳೆಯುತ್ತಿದ್ದರೆ, ಕಾಲಮ್ಮಿನ ಕಾಂಕ್ರೀಟ್ ಸಿಡಿದು ಸರಳು ಹೊರಬಾಗಿದ್ದರೆ, ಸ್ಲ್ಯಾಬ್ ಕಣ್ಣಿಗೆ ಕಾಣುವಷ್ಟು ಜೋತಿದ್ದರೆ, ನೆನೆದ ಮಣ್ಣಿನ ಗೋಡೆಯ ಬುಡ ಉದುರುತ್ತಿದ್ದರೆ ಪೆನ್ಸಿಲ್ ಹುಡುಕಬೇಡಿ. ಮಕ್ಕಳು ಮುದುಕರನ್ನು ಕರೆದುಕೊಂಡು ಹೊರಬನ್ನಿ, ಆಮೇಲೆ ಫೋನು ಮಾಡಿ. 2019ರ ಆಗಸ್ಟ್ ನೆರೆಯಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯ ಊರುಗಳಲ್ಲಿ ನೀರು ಇಳಿದ ಮೇಲೂ ಗೋಡೆಗಳು ಬಿದ್ದವು. ನೆನೆದ ಮಣ್ಣು ಬಲ ಕಳೆದುಕೊಂಡಿರುತ್ತದೆ, ಒಣಗುವವರೆಗೆ ಒಳಗೆ ಮಲಗಬಾರದು.

ಅಜ್ಜಿಯ ಮನೆಯ ಬಚ್ಚಲ ನೀರನ್ನು ಗಟಾರಕ್ಕೆ ತಿರುಗಿಸಿ, ಬೇವನ್ನು ಸವರಿ, ಡಿಸೆಂಬರ್‌ನಲ್ಲಿ ಸುತ್ತ ಹಾಸು ಹಾಕಿಸಿದೆವು. ಹಿಂದಿನ ಮೇ ತಿಂಗಳಲ್ಲಿ 7 ಮಿ.ಮೀ. ಇದ್ದ ಬಿರುಕು ಈ ಮೇನಲ್ಲಿ 2ಕ್ಕೆ ನಿಂತಿತು. ಅವರ ಮೊಮ್ಮಗಳು ಕ್ಯಾಲೆಂಡರ್ ಮೇಲೆ ಒಂದು ತಿಂಗಳೂ ಬಿಡದೆ ಬರೆದಿದ್ದಾಳೆ. ತುಂಬುವ ಕೆಲಸ ಈಗ, ದೀಪಾವಳಿ ಹೊತ್ತಿಗೆ. ಬಿರುಕನ್ನು ಅರ್ಧ ಇಂಚಿಗೆ ಕೊರೆದು ಅಗಲ ಮಾಡಿ, ಧೂಳು ತೆಗೆದು, ನೀರು ಚಿಮುಕಿಸಿ, ಒಂದು ಪಾಲು ಸಿಮೆಂಟು, ಒಂದು ಪಾಲು ಸುಣ್ಣ, ಆರು ಪಾಲು ಉಸುಕಿನ ಮೆದು ಗಾರೆ ತುಂಬಬೇಕು. ಮೇಲೆ ಆರಿಂಚು ಅಗಲದ ಜಾಲಿ ಹೊಡೆದು ಗಿಲಾವು. ಒಂದು ವಾರ ನೀರು ಹೊಡೆದು, ಒಂದು ತಿಂಗಳು ಬಿಟ್ಟು ಬಣ್ಣ. ಮೂರು ಮೊಳೆಗಳನ್ನು ಮಾತ್ರ ಕೀಳಬೇಡಿ ಎಂದು ಹೇಳಿ ಬಂದಿದ್ದೇನೆ, ಇನ್ನೊಂದು ಬೇಸಿಗೆ ಅಳೆಯಬೇಕು.